ನೀರುಗಂಟಿ ಕಿವೇಲುವಿನ ಗುರುವಾರ

ಇವತ್ತು ಯಾವ ವಾರ ಎಂದು ಕಿಬೋ ಶಿಖರದ ತಪ್ಪಲಿನ ಕಿರೂಮಾ ಊರಿನವರು ನಾವು ಕಾಲುವೆ ನೋಡಿ ಹೇಳುತ್ತೇವೆ. ನೀರು ಕಿವೇಲು ಮನೆತನದ ಬಾಳೆಗೆ ಹರಿಯುತ್ತಿದ್ದರೆ ಸೋಮವಾರ. ಶಾಲೆಯ ಕೆಳಗಿನ ಮನೆಗಳಿಗೆ ಹರಿದರೆ ಮಂಗಳವಾರ, ಬುಧವಾರ. ಶಾಲೆಯ ಹತ್ತಿರ ಕಾಲುವೆ ಒಣಗಿ, ಮೇಲಿನ ರಾಗಿ ಹೊಲ ಮಿಂಚುತ್ತಿದ್ದರೆ ಗುರುವಾರ. ನಮ್ಮ ಮನೆ ಕಾಲುವೆಯ ಬಾಲದಲ್ಲಿದೆ, ನಮ್ಮ ಪಾಲಿಗೆ ಶನಿವಾರ. ಭಾನುವಾರ ಮಾತ್ರ ಯಾರದೂ ಅಲ್ಲ. ಅವತ್ತು ನೀರು ಚರ್ಚಿನ ಪಕ್ಕ ಹಾದು ತನ್ನ ಪಾಡಿಗೆ ತಾನು ಕಣಿವೆಗೆ ಇಳಿಯುತ್ತದೆ.

ಈ ಸರದಿಯನ್ನೆಲ್ಲ ಮೂವತ್ತೊಂದು ವರ್ಷ ಒಬ್ಬನೇ ಮನುಷ್ಯ ತಲೆಯಲ್ಲಿ ಇಟ್ಟುಕೊಂಡಿದ್ದ. ಅವನೇ ಕಿವೇಲು ಅಜ್ಜ, ನಮ್ಮ ಕಾಲುವೆಯ ನೀರುಗಂಟಿ. ಅವನ ತಾತ ಬೆಟ್ಟದ ಮೇಲಿನ ಹೊಳೆಯಿಂದ ಕಾಲುವೆ ತೋಡಿಸಿದವನು, ಅಪ್ಪ ಕಾದವನು, ಇವನು ಕಾಯುತ್ತಿದ್ದವನು. ಆಸ್ತಿಯೆಂದು ಬಂದದ್ದು ಒಂದು ಜಿಂಕೆಕೊಂಬಿನ ಕಹಳೆ. ಕಾಲುವೆಯ ಹೂಳು ತೆಗೆಯುವ ದಿನ ಮುಂಜಾನೆ ಅಜ್ಜ ಕೊಂಬು ಊದಿದನೆಂದರೆ ಮನೆಗೊಬ್ಬ ಗುದ್ದಲಿ ಹಿಡಿದು ಬರಬೇಕು. ಬಾರದ ಮನೆಗೆ ನೀರು ಬಂದ್. ಅಳಿಯ, ಮಾವ, ಪಾದ್ರಿ ಎಂಬ ಭೇದವಿಲ್ಲ.

ಅಳತೆಯಲ್ಲಂತೂ ಅವನದು ಎತ್ತಿದ ಕೈ. ಊರ ಮೇಲ್ಗಡೆ ಒಂದು ಕಟ್ಟೆ ಇದೆ, ರಾತ್ರಿಯ ನೀರೆಲ್ಲ ಅಲ್ಲಿ ತುಂಬಿ ನಿಲ್ಲುತ್ತದೆ. ಬೆಳಿಗ್ಗೆ ಅದರ ತೂಬಿಗೆ ತುರುಕಿದ ಬಾಳೆದಿಂಡನ್ನು ಜಗ್ಗಿ, ಕಾಲುವೆಗೆ ಎಷ್ಟು ನೀರು ಬಿಡಬೇಕೆಂದು ಅಜ್ಜ ಬೆರಳಿನಲ್ಲಿ ಲೆಕ್ಕ ಹಾಕುತ್ತಿದ್ದ. ಕಾಫಿ ಗಿಡಕ್ಕೆ ನಾಲ್ಕು ಬೆರಳು, ರಾಗಿಗೆ ಆರು, ಬಾಳೆಗೆ ಒಂದು ಅಂಗೈ. ಅವನ ಸ್ವಂತ ಮಗಳ ಮದುವೆ ಬಿದ್ದದ್ದು ಶುಕ್ರವಾರ. ರಾಗಿ ಹೆಂಡ ಕಾಸುವ ಹಂಡೆಗಳಿಗೆ ನೀರಿಲ್ಲವೆಂದು ಹೆಂಡತಿ ಗೋಳಿಟ್ಟರೆ, "ಶುಕ್ರವಾರ ನಮ್ದಲ್ಲ ಕಣೇ" ಎಂದು ಹೇಳಿ, ತಾನೇ ಹೆಗಲಿಗೆ ಕೊಡ ಹೊತ್ತು ಕಣಿವೆಯ ಹೊಳೆಗೆ ಇಳಿದ. ಬೀಗರು ಬಂದಾಗ ಹುಡುಗಿಯ ಅಪ್ಪ ಎಲ್ಲಿ ಎಂದು ಹುಡುಕಿದರಂತೆ. ಅವನು ಹದಿನಾರನೇ ಕೊಡದೊಂದಿಗೆ ಏರು ಹತ್ತುತ್ತಿದ್ದ.

ಇಂಥವನು ಒಂದು ಸಲ ಸರದಿ ಮುರಿದ. ಆ ಕಥೆಯನ್ನು ಹೇಳುತ್ತೇನೆ.

ಅಜ್ಜನ ತಮ್ಮನ ಮೊಮ್ಮಗಳು ಐಕಾಯೆಲಿ. ನಮ್ಮ ಮಾಧ್ಯಮಿಕ ಶಾಲೆಯಲ್ಲಿ ಎರಡನೇ ವರ್ಷ ಓದುತ್ತಿದ್ದಳು. ಕಡ್ಡಿಯಂಥ ಹುಡುಗಿ, ಹಟದಲ್ಲಿ ಮಾತ್ರ ಹೇಸರಗತ್ತೆ. ಆ ವರ್ಷ ವಿಜ್ಞಾನದ ಲುಹೆಂದೆ ಮೇಷ್ಟ್ರು ಮಕ್ಕಳಿಗೆಲ್ಲ ಏನಾದರೊಂದು ಮಾಡಿ ತೋರಿಸಿ ಎಂದರು. ಜಿಲ್ಲೆಯಿಂದ ಇಬ್ಬರು ಬಂದು ನೋಡುತ್ತಾರೆ, ಹಿಡಿಸಿದ್ದನ್ನು ಮೋಶಿ ಪಟ್ಟಣದ ಪ್ರದರ್ಶನಕ್ಕೆ ಕರೆಸಿಕೊಳ್ಳುತ್ತಾರೆ. ಬೇರೆ ಮಕ್ಕಳು ಹುರುಳಿ ಮೊಳಕೆ ಬರಿಸಿದರು, ಮಣ್ಣಿನ ಜ್ವಾಲಾಮುಖಿ ಮಾಡಿದರು. ಐಕಾಯೆಲಿ ವಿದ್ಯುತ್ತು ಮಾಡುತ್ತೇನೆ ಎಂದು ಹೊರಟಳು. ಕರೆಂಟಿನ ಕಂಬ ನಮ್ಮ ಊರಿಗೆ ಇನ್ನೂ ಹತ್ತಿರಲಿಲ್ಲ, ಕೆಳಗಿನ ಸಂತೆಯ ಹತ್ತಿರವೇ ಸುಸ್ತಾಗಿ ನಿಂತುಬಿಟ್ಟಿತ್ತು.

ಒಂದು ತಿಂಗಳು ಅವಳು ಮಾಡಿದ ಭಿಕ್ಷಾಟನೆ ನೋಡಬೇಕಿತ್ತು. ಸಂತೆಯ ರೇಡಿಯೋ ರಿಪೇರಿಯವನ ಹತ್ತಿರ ಕೆಟ್ಟ ಸ್ಪೀಕರುಗಳ ಹಿಂದಿನ ಆಯಸ್ಕಾಂತ ಬೇಡಿ ತಂದಳು. ಹಿಟ್ಟಿನ ಗಿರಣಿಯಲ್ಲಿ ಸುಟ್ಟುಹೋದ ಮೋಟಾರೊಂದು ಕೋಳಿಗಳಿಗೆ ಪೀಠವಾಗಿ ಬಿದ್ದಿತ್ತು, ಅದರ ಹೊಟ್ಟೆಯಿಂದ ಕೂದಲಿನಂಥ ತಾಮ್ರದ ತಂತಿ ಬಿಚ್ಚಿಕೊಂಡಳು. ಮರದ ಉರುಳೆಗೆ ತಂತಿಯನ್ನು ಸುತ್ತುತ್ತ ಕೂತರೆ ಊಟಕ್ಕೆ ಕರೆದರೂ ಬಾಯಿ ಬಿಡಳು, ಬಿಟ್ಟರೆ ಎಣಿಕೆ ತಪ್ಪುತ್ತದೆ. ಸೈಕಲ್ಲಿನ ಹಳೆಯ ಚಕ್ರಕ್ಕೆ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ರೆಕ್ಕೆ ಕಟ್ಟಿದಳು. ಚಕ್ರದಿಂದ ಉರುಳೆಯ ಪಕ್ಕದ ಪುಟ್ಟ ಗಾಲಿಗೆ ರಬ್ಬರು ಟ್ಯೂಬಿನ ಪಟ್ಟಿ. ನೀರು ರೆಕ್ಕೆಗೆ ಬಡಿದರೆ ಚಕ್ರ ಒಂದು ಸುತ್ತು, ಗಾಲಿ ಮೂವತ್ತು ಸುತ್ತು. ಗಾಲಿಯೊಂದಿಗೆ ಆಯಸ್ಕಾಂತ ತಿರುಗುತ್ತದೆ, ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ತಂತಿಯ ಕೊನೆಗೆ ಒಂದು ಟಾರ್ಚಿನ ಬಲ್ಬು. ಕಡಲೆಕಾಯಿಯಷ್ಟು ದೊಡ್ಡದು, ಊರಲ್ಲಿ ಅವಳಿಗೆ ಸಿಕ್ಕಿದ್ದು ಅದೊಂದೇ.

ಎಲ್ಲ ಸಿದ್ಧವಾದ ಮೇಲೆ ಒಂದು ಸೋಮವಾರ, ಶಾಲೆಯ ಬೇಲಿಯ ಪಕ್ಕ, ಕಾಲುವೆಗೆ ಚಕ್ರ ಇಳಿಸಿದಳು. ಯಾರನ್ನೂ ಕೇಳಲಿಲ್ಲ.

ಅಜ್ಜ ಆಗ ಕೆಳಗೆ ಬಾಳೆಗೆ ನೀರು ಕಟ್ಟುತ್ತಿದ್ದ. ಗುದ್ದಲಿ ನಿಲ್ಲಿಸಿ ತಲೆ ಎತ್ತಿದ. ನೀರಿನ ಸದ್ದು ಕುಂಟುತ್ತಿತ್ತು. ಏಡಿ ಬಿಲ ಕೊರೆದರೂ ಅವನಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು, ಇದಂತೂ ಚಕ್ರ. ಏದುಸಿರು ಬಿಡುತ್ತ ಮೇಲೆ ಬಂದವನು ಚಕ್ರವನ್ನು ಎತ್ತಿ ದಂಡೆಯ ಮೇಲಿಟ್ಟ.

"ಅಜ್ಜಾ! ಹೊಡೀಬೇಡ, ಮುರಿದೋಗತ್ತೆ!"

"ಹೊಡ್ದೆನಾ? ಎತ್ತಿಟ್ಟೆ. ಕಾಲ್ವೇಲಿ ಗುದ್ದಲಿ ಬಿಟ್ರೆ ಬೇರೆ ಏನೂ ಇಳೀಬಾರ್ದು. ನಿಮ್ಮಪ್ಪ ಹೇಳ್ಕೊಡ್ಲಿಲ್ವಾ?"

"ಇದು ನೀರು ಕುಡಿಯಲ್ಲ ಅಜ್ಜಾ. ಮುಟ್ಟಿ ಬಿಟ್ಬಿಡತ್ತೆ ಅಷ್ಟೆ."

"ಮುಟ್ಟಿದ್ರೆ ಏನೂ ಕಮ್ಮಿಯಾಗಲ್ವಾ? ನೀರು ದಣಿಯಲ್ವಾ?"

"ದಣಿದ್ರೂ ಅಷ್ಟೇ ನೀರು. ಬೇಕಾದ್ರೆ ಅಳೆದು ನೋಡು."

ಅಳೆ ಎಂದರೆ ಅಜ್ಜ ಸುಮ್ಮನಿರುವವನೇ? ಸೊಂಟದಿಂದ ಗೀರು ಹಾಕಿದ ಕೋಲು ತೆಗೆದ. ಚಕ್ರ ಇಳಿಸಿ ಕೆಳಗೆ ಅಳೆದ, ಎತ್ತಿ ಅಳೆದ, ಮತ್ತೆ ಇಳಿಸಿ ಅಳೆದ. ಎಲೆಯೊಂದನ್ನು ತೇಲಿಬಿಟ್ಟು ಅದರ ಜೊತೆ ದಂಡೆಯ ಮೇಲೆ ನಡೆದ. ಬಿಸಿಲು ಮರದ ಮೇಲೇರಿ ಇಳಿಯುವ ತನಕ ಇದೇ ಆಯಿತು. ಕೊನೆಗೆ ಕೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಒಂದು ಹನೀನೂ ತಿನ್ನಲ್ಲ" ಎಂದ, ಯಾರೋ ಮೋಸ ಮಾಡಿದರು ಎಂಬಂತೆ.

ಆಗ ಐಕಾಯೆಲಿ ಎರಡು ತಂತಿಯ ತುದಿಗಳನ್ನು ಬಲ್ಬಿಗೆ ಮುಟ್ಟಿಸಿದಳು. ಅದರೊಳಗೆ ಕೆಂಪಗೆ ಒಂದು ಎಳೆ ಮೂಡಿತು, ಬೂದಿ ಸರಿಸಿದಾಗ ಕಾಣುವ ಕೆಂಡದ ಹಾಗೆ.

ಅಜ್ಜ ಬಗ್ಗಿ ನೋಡಿದ. ಅಂಗೈ ಮರೆ ಮಾಡಿ ಮತ್ತೆ ನೋಡಿದ. ಗುದ್ದಲಿ ತೆಗೆದುಕೊಂಡು ಹೊರಟೇಹೋದ. ಹುಡುಗಿ ಅಳುವುದೊಂದು ಬಾಕಿ. ಆದರೆ ಮಾರನೆಯ ಮಧ್ಯಾಹ್ನ ಅಜ್ಜ ಹೆಗಲ ಮೇಲೆ ಒಂದು ಪೊಳ್ಳು ಮರದ ದೋಣಿ ಹೊತ್ತು ಬಂದ. ಹಳ್ಳದ ಮೇಲೆ ನೀರು ದಾಟಿಸಲು ನಾವು ಕಾಲುವೆಗೆ ಜೋಡಿಸುತ್ತೇವಲ್ಲ, ಅಂಥದ್ದು.

"ನಿನ್ನ ಚಕ್ರಕ್ಕೆ ನೀರು ಕೆಳಗಿಂದ ನೆಕ್ತಾ ಇದೆ. ಮೇಲಿಂದ ಬೀಳ್ಬೇಕು. ತಲೆ ಮೇಲೆ ಬಿದ್ರೆ ತಾನೇ ಕತ್ತೆ ಓಡೋದು?"

ದೋಣಿಯಿಂದ ನೀರು ಬಿದ್ದ ಮೇಲೆ ಬಲ್ಬು ಹಳದಿಗೆ ತಿರುಗಿತು. ಅವತ್ತಿನಿಂದ ಸೋಮ, ಮಂಗಳ, ಬುಧ ಮೂರು ದಿನವೂ ಶಾಲೆ ಬಿಡುವ ಹೊತ್ತಿಗೆ ಅಜ್ಜ ಬೇಲಿಯ ಹತ್ತಿರ ಹಾಜರ್. ಚಕ್ರದ ಅಚ್ಚಿಗೆ ಕೊಬ್ಬು ಸವರುವವನು ಅವನೇ. "ನಮ್ಮ ಚಕ್ರ" ಎನ್ನಲು ಶುರು ಮಾಡಿದ. ಹೆಂಡತಿ ಮೂಗು ಮುರಿದಳು: "ನನ್ನ ಮದ್ವೆ ಆದಾಗ್ಲೂ ಈ ಮನುಷ್ಯ ಹಿಂಗೆ ಮುಖ ಅರಳಿಸಿರ್ಲಿಲ್ಲ."

ಹಾಗಿರುವಾಗ ಲುಹೆಂದೆ ಮೇಷ್ಟ್ರು ನಗುನಗುತ್ತಾ ಬಂದು ಹೇಳಿದರು: "ಸುದ್ದಿ ಬಂತು. ಜಿಲ್ಲೆಯವರು ಬರೋದು ಮುಂದಿನ ಗುರುವಾರ, ಬೆಳಿಗ್ಗೆ."

ಅಜ್ಜ ಐಕಾಯೆಲಿಯ ಮುಖ ನೋಡಿದ. ಐಕಾಯೆಲಿ ನೆಲ ನೋಡಿದಳು.

"ಏನಾಯ್ತು?" ಎಂದರು ಮೇಷ್ಟ್ರು. ಅವರು ದೂರದ ಬಯಲುಸೀಮೆಯವರು. ಅವರ ಕಡೆ ನೀರೆಂದರೆ ಮಳೆ. ಬಂದರೆ ಎಲ್ಲರಿಗೂ ಬರುತ್ತದೆ, ಇಲ್ಲದಿದ್ದರೆ ಯಾರಿಗೂ ಇಲ್ಲ. "ಕಾಲುವೆ ಇದ್ದೇ ಇದೆಯಲ್ಲ?"

"ಕಾಲುವೆ ಇರತ್ತೆ ಮೇಷ್ಟ್ರೇ," ಎಂದ ಅಜ್ಜ. "ನೀರಿರಲ್ಲ. ಗುರುವಾರ ಬೆಳಿಗ್ಗೆ ನೀರು ಕುಂದಾನವ್ವಂದು. ಕಟ್ಟೆ ಹತ್ರಾನೇ ಅವಳ ಹೊಲಕ್ಕೆ ತಿರುಗತ್ತೆ. ಇಲ್ಲಿ ಕಪ್ಪೆ ಕೂಡ ಒಣಗ್ತಾ ಕೂತಿರತ್ತೆ."

"ಹಾಗಾದ್ರೆ ಒಂದು ಗಂಟೆ ಈಕಡೆ ಬಿಡಿ. ನೀರುಗಂಟಿ ನೀವೇ ತಾನೇ?"

ಮೇಷ್ಟ್ರಿಗೆ ಗೊತ್ತಿರಲಿಲ್ಲ. ಸರದಿ ಬದಲಿಸಿದ್ದಕ್ಕೇ ಅಜ್ಜನ ಅಪ್ಪನ ಕಾಲದಲ್ಲಿ ಇಬ್ಬರು ಅಣ್ಣತಮ್ಮಂದಿರು ಕತ್ತಿ ಹಿಡಿದದ್ದು, ಅಂದಿನಿಂದ ಸರದಿ ಕೊಡುವುದೂ ಇಲ್ಲ, ಕೊಳ್ಳುವುದೂ ಇಲ್ಲ ಎಂದು ಕಟ್ಟುನಿಟ್ಟಾಗಿ ನಡೆದು ಬಂದದ್ದು. ಗೊತ್ತಿರದ ಇನ್ನೊಂದು ಇತ್ತು, ಅದು ಕುಂದಾನವ್ವ.

ಎಂಟು ವರ್ಷದ ಹಿಂದೆ ಅವಳ ಗಂಡ ಮಣ್ಣಾದ. ಕೈಯಲ್ಲಿ ಮಗಳು ಕುಂದಾ ಇನ್ನೂ ಹಸುಗೂಸು. ಮಣ್ಣು ಮಾಡಿದ ಆರನೇ ದಿನ ಮುಂಜಾನೆ ಕಾಲುವೆ ತೆಗೆಯುವ ಕೊಂಬು ಕೂಗಿತು. ಮನೆಯಲ್ಲಿ ಗಂಡಸಿಲ್ಲ, ಯಾರನ್ನು ಕಳಿಸುವುದು? ಅವಳ ಮನೆಯಿಂದ ಗುದ್ದಲಿ ಬರಲಿಲ್ಲ. ಅಜ್ಜ ಅವಳ ನೀರು ನಿಲ್ಲಿಸಿದ, ಎರಡು ಗುರುವಾರ. "ಸೂತಕ ನಾಲ್ಕು ದಿನ. ಇದು ಆರನೇದು. ಕಾಲ್ವೆಗೆ ಮುಖ ನೋಡೋ ಕಣ್ಣಿಲ್ಲ" ಎಂದಿದ್ದ. ಎರಡು ಗುರುವಾರದಲ್ಲಿ ಅವಳ ಅರ್ಧ ರಾಗಿ ಸುಟ್ಟುಹೋಯಿತು. ಆಮೇಲೆ ಪ್ರತಿ ಸಲ ಕೊಂಬು ಕೂಗಿದಾಗ ಅವಳೇ ಗುದ್ದಲಿ ಹಿಡಿದು ಬರತೊಡಗಿದಳು. ಗಂಡಸರ ಸಾಲಿನಲ್ಲಿ ಒಬ್ಬಳೇ ಹೆಂಗಸು, ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುವವಳು. ಎಂಟು ವರ್ಷ ಅಜ್ಜನೊಂದಿಗೆ ಒಂದು ಮಾತೂ ಆಡಿರಲಿಲ್ಲ.

ಎರಡು ದಿನ ಅಜ್ಜ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಹೊಲದ ಗಡಿಯಿಂದ ಒಂದು ಇಸಾಲೆ ಎಲೆ ಕಿತ್ತು ಗಂಟು ಹಾಕಿದ. ಇಸಾಲೆ ನಮ್ಮ ಬೇಲಿಗಳಲ್ಲೆಲ್ಲ ನಿಂತಿರುತ್ತದೆ, ಉದ್ದ ಹಸಿರು ನಾಲಗೆಯಂಥ ಎಲೆ. ಗಂಟು ಕಟ್ಟಿದ ಇಸಾಲೆ ಎಲೆ ಹಿಡಿದು ತಪ್ಪಾಯಿತು ಎಂದು ಬಂದವನನ್ನು ನಮ್ಮಲ್ಲಿ ಕೊಲೆಗಾರನಾದರೂ ಬರಿಗೈಲಿ ಕಳಿಸುವಂತಿಲ್ಲ. ಅಜ್ಜ ಜನ್ಮದಲ್ಲಿ ಯಾರ ಮನೆಗೂ ಆ ಎಲೆ ಒಯ್ದವನಲ್ಲ.

ಕುಂದಾನವ್ವ ಅಂಗಳದಲ್ಲಿ ಬಾಳೆಕಾಯಿ ಸುಲಿಯುತ್ತಿದ್ದಳು. ಎಲೆ ನೋಡಿದಳು, ಕತ್ತಿ ನಿಲ್ಲಿಸಲಿಲ್ಲ.

"ಓಹೋ, ಯಜಮಾನ್ರು! ದಾರಿ ತಪ್ಪಿ ಬಂದ್ರಾ? ಇವತ್ತು ಶನಿವಾರ, ನೀರು ಆಕಡೆ ಹೋಗ್ತಾ ಇದೆ."

"ದಾರಿ ತಪ್ಪಿಲ್ಲ ತಾಯಿ. ನಿನ್ನ ಹತ್ರಾನೇ ಬಂದೆ."

"ಕೇಳ್ಪಟ್ಟೆ. ನನ್ನ ಗುರುವಾರ ಬೇಕಂತೆ, ಹುಡುಗಿ ಆಟ ಆಡೋಕೆ. ತಪ್ಪು ಮಾಡೋಕೆ ಮುಂಚೆನೇ ಎಲೆ ತಂದಿದ್ದೀರಲ್ಲ, ಭಾರೀ ಜಾಣರು."

ಅಜ್ಜ ಎಲೆಯನ್ನು ಮುಂದೆ ಹಿಡಿದ.

"ಹೇಳಿ ಯಜಮಾನ್ರೇ. ಎಲೆ ಒಂದು, ತಪ್ಪು ಎರಡು. ಇದು ಯಾವುದಕ್ಕೆ? ಹಳೇದಕ್ಕಾ, ಮುಂದೆ ಮಾಡೋದಕ್ಕಾ?"

ಅಜ್ಜ ಎಲೆಯನ್ನು ಕೈಯಲ್ಲಿ ತಿರುಗಿಸಿದ. ಜಾಣನಾಗಿದ್ದರೆ ನೀರಿಗೆಂದು ಹೇಳಬಹುದಿತ್ತು. ಎಲೆಯ ಕಟ್ಟಳೆಗೆ ಅವಳು ಇಲ್ಲವೆನ್ನುವಂತಿರಲಿಲ್ಲ. ಅಜ್ಜ ಎಲೆಯನ್ನು ಅವಳ ಪಕ್ಕದ ಕಲ್ಲಿನ ಮೇಲಿಟ್ಟ.

"ಹಳೇದಕ್ಕೆ. ನಾಲ್ಕು ದಿನ, ಆರು ದಿನ ಅಂತ ಎಣಿಸ್ದೆ. ಎಣಿಸ್ಬಾರ್ದಿತ್ತು. ನೀರನ್ನ ಬರಿಗೈಲಿ ಕೇಳ್ತೀನಿ. ಒಂದು ಗಂಟೆ. ಕೊಟ್ರೆ ಕೊಡು, ಇಲ್ದಿದ್ರೆ ಇಲ್ಲ."

ಕತ್ತಿ ಈಗ ನಿಂತಿತು. ಕುಂದಾನವ್ವ ಎಲೆಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು.

"ಎಲೆ ತಗೊಂಡೆ. ಅದು ಮುಗೀತು," ಎಂದಳು. ಆಮೇಲೆ ತಲೆ ಎತ್ತಿದಾಗ ಕಣ್ಣಲ್ಲಿ ಹಳೆಯ ಕಿಡಿ. "ನೀರಿನ ಮಾತು ಬೇರೆ. ಬರಿಗೈಲಿ ಕೇಳಿದ್ರಿ, ಅದಕ್ಕೆ ನಾನೂ ಕೇಳ್ತೀನಿ. ಒಂದು ಗಂಟೆ ಕೊಡ್ತೀನಿ. ಆ ಗಂಟೇಲಿ ದೀಪ ಹತ್ಲಿಲ್ಲ ಅಂದ್ರೆ ನಿಮ್ಮ ಕೊಂಬು ನನ್ನ ಮನೆಗೆ ಬರ್ಬೇಕು."

"ಕೊಂಬಾ? ಹೆಂಗಸು ಕೊಂಬು ಊದೋದು ಎಲ್ಲಾದ್ರೂ ಉಂಟಾ?"

"ಹೆಂಗಸು ಹೂಳು ಎತ್ತೋದು ಉಂಟಲ್ಲ. ಎಂಟು ವರ್ಷದಿಂದ ನೋಡ್ತಾನೇ ಇದ್ದೀರಿ."

ಅಜ್ಜ ಬೆರಳಿನಿಂದ ಗಡ್ಡ ಕೆರೆದುಕೊಂಡ. ಮೂರು ತಲೆಮಾರಿನ ಕೊಂಬು. ಹುಡುಗಿಯ ಬಲ್ಬು ಒಂದು ಕಡಲೆಕಾಯಿ.

"ಆಗ್ಲಿ," ಎಂದ.

ಸಂಜೆಯೊಳಗೆ ಸುದ್ದಿ ಇಡೀ ಬೆಟ್ಟಕ್ಕೆ ಹಬ್ಬಿತು. ಹೆಂಡದ ಅಂಗಡಿಯಲ್ಲಿ ಎರಡು ಪಂಗಡವೇ ಆದವು. ಐಕಾಯೆಲಿ ಓಡಿಬಂದು, "ಅಜ್ಜಾ, ಬೇಡ, ನಾನು ಹುರುಳಿ ಮೊಳಕೆ ತೋರಿಸ್ತೀನಿ" ಎಂದಳು. ಅಜ್ಜ ಗದರಿದ: "ಕೊಂಬು ಪಣಕ್ಕಿಟ್ಟು ಹುರುಳಿ ತೋರಿಸ್ತೀಯಾ? ಹೋಗು, ಚಕ್ರಕ್ಕೆ ಕೊಬ್ಬು ಹಾಕು."

ಗುರುವಾರ ಬಂತು. ಆಕಾಶ ತೊಳೆದಂತಿತ್ತು, ಕಿಬೋ ಶಿಖರ ಬಿಳಿ ಟೋಪಿ ಹಾಕಿಕೊಂಡು ಇಣುಕುತ್ತಿತ್ತು. ಶಾಲೆಯ ಬೇಲಿಯ ಹತ್ತಿರ ಊರೆಲ್ಲ ನೆರೆದಿತ್ತು. ಜಿಲ್ಲೆಯವರು ಇಬ್ಬರು, ಒಬ್ಬರು ಕನ್ನಡಕದ ಹೆಂಗಸು, ಇನ್ನೊಬ್ಬರು ದಪ್ಪನೆಯ ಗಂಡಸು, ಮೊಳಕೆ, ಜ್ವಾಲಾಮುಖಿ ಎಲ್ಲ ನೋಡಿ ಮುಗಿಸಿ ಕಾಲುವೆಯ ಕಡೆ ನಡೆದು ಬಂದರು. ಕುಂದಾನವ್ವ ಆಗಲೇ ಬಂದು ಗುದ್ದಲಿ ಊರಿ ನಿಂತಿದ್ದಳು. ಪಕ್ಕದಲ್ಲಿ ಅವಳ ಮಗಳು ಕುಂದಾ. ಅಜ್ಜ ಕೊಂಬನ್ನು ಶಾಲೆಯ ಬೇಲಿಗೆ ಎಲ್ಲರಿಗೂ ಕಾಣುವಂತೆ ನೇತುಹಾಕಿದ್ದ. ಕಲ್ಲಿನ ಮೇಲೆ ಕೋಲು ನಿಲ್ಲಿಸಿ, ಒಂದು ಗಂಟೆಯಲ್ಲಿ ನೆರಳು ಎಲ್ಲಿಂದ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಎರಡು ಗೆರೆ ಎಳೆದಿದ್ದ.

ಆಮೇಲೆ ನೀರು ಬಿಡಲು ಕಟ್ಟೆಗೆ ಹತ್ತಿದ. ಕಟ್ಟೆ ಎಂದರೆ ಬೇಲಿಯಿಂದ ಕೂಗಿದರೆ ಕೇಳುವಷ್ಟು ದೂರ.

ಅಲ್ಲಿ ನಿಂತಾಗ ಅವನಿಗೆ ಏನಾಯಿತೋ ನನಗೆ ಇವತ್ತಿಗೂ ಅರ್ಥವಾಗುವುದಿಲ್ಲ. ಅಥವಾ ಚೆನ್ನಾಗಿಯೇ ಅರ್ಥವಾಗುತ್ತದೆ. ಹುಟ್ಟಿದಾಗಿನಿಂದ ಅವನು ನೋಡಿದ್ದು ನೀರು ಸಾಲದೆ ಹೋದದ್ದನ್ನು ಮಾತ್ರ. ನೀರು ಹೆಚ್ಚಾಗಿ ಏನಾದರೂ ಕೆಟ್ಟದ್ದನ್ನು ಕಂಡವನಲ್ಲ. ಮೂವತ್ತೊಂದು ವರ್ಷ ಬೆರಳಿನಲ್ಲಿ ಅಳೆದ ಕೈ ಅವತ್ತು ಮದುವೆ ಮನೆಯಲ್ಲಿ ಬಡಿಸುವವನ ಕೈಯಾಯಿತು. ಬಾಳೆದಿಂಡನ್ನು ಬೆರಳಷ್ಟು ಸರಿಸುವ ಬದಲು ಪೂರ್ತಿ ಕಿತ್ತು ದಂಡೆಗೆ ಎಸೆದ.

ನೀರು ಗೂಳಿಯ ಹಾಗೆ ಬಂತು. ಮರದ ದೋಣಿ ತುಂಬಿ ಎರಡೂ ಕಡೆ ಚೆಲ್ಲಿತು. ಚಕ್ರ ಒಮ್ಮೆ ನಡುಗಿ ತಿರುಗತೊಡಗಿತು, ತಿರುಗುತ್ತ ತಿರುಗುತ್ತ ರೆಕ್ಕೆಗಳೇ ಕಾಣದಾದವು. ರಬ್ಬರು ಪಟ್ಟಿ ಕೀರಲಿಟ್ಟಿತು. ಐಕಾಯೆಲಿ ತಂತಿ ಮುಟ್ಟಿಸಿದ್ದೇ ತಡ, ಬಲ್ಬು ಬೆಳ್ಳಗೆ, ಕಣ್ಣು ಕುಕ್ಕುವ ಹಾಗೆ ಉರಿಯಿತು. ಜನ ಹೋ ಎಂದರು. ಆ ಹೋ ಮುಗಿಯುವುದರೊಳಗೆ ಬಲ್ಬು ಆರಿಹೋಯಿತು.

ಐಕಾಯೆಲಿ ಅದನ್ನು ಬಿಚ್ಚಿ ಬಿಸಿಲಿಗೆ ಹಿಡಿದಳು. ಒಳಗಿನ ಎಳೆ ಕಡಿದಿತ್ತು, ಗಾಜು ಒಳಗಡೆ ಕಪ್ಪಾಗಿತ್ತು.

"ಸುಟ್ಟೋಯ್ತು," ಎಂದಳು. ಬೇರೆ ಬಲ್ಬು ಇರಲಿಲ್ಲ. ಸಂತೆಗೆ ಇಳಿದು ಹತ್ತಿ ಬರಲು ಅರ್ಧ ದಿನ.

ಅಜ್ಜ ಓಡಿ ಬಂದಾಗ ಯಾರೂ ಅವನ ಮುಖ ನೋಡಲಿಲ್ಲ. ಅವನು ಬಲ್ಬು ನೋಡಿದ, ಬೇಲಿಯ ಮೇಲಿನ ಕೊಂಬು ನೋಡಿದ. "ಬೇಕಾದಷ್ಟು ನೀರು ಕೊಟ್ಟೆನಲ್ಲ ಮಗಳೇ," ಎಂದ, ಸಣ್ಣ ದನಿಯಲ್ಲಿ.

"ಅದೇ ಅಜ್ಜಾ. ಜಾಸ್ತಿಯಾಯ್ತು. ಚಕ್ರ ಜೋರಾದ್ರೆ ಕರೆಂಟೂ ಜೋರಾಗತ್ತೆ. ಬಲ್ಬಿಗೆ ತಡ್ಕೊಳ್ಳೋಕೆ ಆಗ್ಲಿಲ್ಲ."

ಕುಂದಾನವ್ವ ಆಗ ಬಾಯಿ ಬಿಟ್ಟಳು ನೋಡಿ. ಯಜಮಾನ್ರೂ ಇಲ್ಲ, ಮರ್ಯಾದೆಯೂ ಇಲ್ಲ.

"ಏಯ್ ಮುದ್ಕಾ! ಮೂವತ್ತು ವರ್ಷ ನಮಗೆಲ್ಲ ಬೆರಳಲ್ಲಿ ಅಳೆದೂ ಅಳೆದೂ ಕೊಟ್ಟೆ. ಅಳೀಬೇಕಾದ ಒಂದೇ ಒಂದು ದಿನ ಅಳೀದೆ ಬಿಟ್ಯಲ್ಲ! ನನ್ನ ಕಟ್ಟೆ ಬರಿದಾಗ್ತಾ ಇದೆ, ನಿಂತು ನೋಡ್ತಾ ಇದ್ದೀಯ! ಹೋಗು, ಮೊದ್ಲು ತೂಬು ಮುಚ್ಚು!"

ಅಜ್ಜ ಕದಲಲಿಲ್ಲ. "ಕೊಂಬು ಅಲ್ಲಿದೆ ತಾಯಿ. ತಗೊಂಡು ಹೋಗು."

ಕುಂದಾನವ್ವ ನೆರಳಿನ ಕೋಲು ನೋಡಿದಳು. ನೆರಳು ಇನ್ನೂ ಅರ್ಧ ದಾರಿಗೂ ಬಂದಿರಲಿಲ್ಲ.

"ಗಂಟೆ ಮುಗೀಲಿ. ಮುಗಿಯೋ ಮುಂಚೆ ತಗೊಂಡ್ರೆ ಊರು ನನ್ನ ಕಳ್ಳಿ ಅನ್ನತ್ತೆ." ಮಗಳ ತಲೆಗೆ ಒಂದು ಮೊಟಕಿದಳು. "ಕುಂದಾ, ಮನೆಗೆ ಓಡು. ಗೂಟಕ್ಕೆ ಟಾರ್ಚ್ ನೇತಾಕಿದ್ದೀನಿ, ತಗೊಂಡ್ಬಾ. ಎಡವಿ ಬಿದ್ದು ಒಡೆದ್ಯೋ, ಬರೆ ಹಾಕ್ತೀನಿ."

ಎಂಟು ವರ್ಷದ ಕುಂದಾ ಆಡಿನ ಮರಿಯ ಹಾಗೆ ಏರು ಹತ್ತಿ ಮಾಯವಾದಳು.

"ಯಾಕೆ?" ಎಂದ ಅಜ್ಜ.

"ಯಾಕೆ ಅಂದ್ರೆ? ಆ ಬೆಳಕು ಬಂದಾಗ ನೀನು ಇಲ್ಲಿರ್ಲಿಲ್ಲ, ಕಟ್ಟೆ ಹತ್ರ ಇದ್ದೆ. ನಾನು ನೋಡ್ದೆ." ಅಷ್ಟೇ ಹೇಳಿ ಮುಖ ಆಕಡೆ ತಿರುಗಿಸಿದಳು. "ತೂಬು ಮುಚ್ಚು ಅಂದೆ, ಕೇಳಿಸ್ಲಿಲ್ವಾ?"

ಅಜ್ಜ ಕಟ್ಟೆಗೆ ಓಡಿದ. ಎಸೆದ ಬಾಳೆದಿಂಡನ್ನು ಹುಡುಕಿ ತೂಬಿಗೆ ತುರುಕಿದ, ಸಂದಿಗೆ ಮಣ್ಣಿನ ಹೆಂಟೆ ಮೆತ್ತಿದ. ಇತ್ತ ಕುಂದಾ ಟಾರ್ಚ್ ತಂದಳು. ಐಕಾಯೆಲಿ ಅದರ ಬಲ್ಬು ಕಳಚಿ ತನ್ನ ತಂತಿಗೆ ಕೂರಿಸಿದಳು. ದಪ್ಪನೆಯ ಅಧಿಕಾರಿ ಗಡಿಯಾರ ನೋಡಿಕೊಂಡರು. ಕನ್ನಡಕದ ಹೆಂಗಸು ಮಾತ್ರ ಒಂದು ಕಲ್ಲು ನೋಡಿ ಕೂತುಬಿಟ್ಟರು.

"ಅಜ್ಜಾ, ಬಿಡು!" ಎಂದು ಐಕಾಯೆಲಿ ಕೂಗಿದಳು. "ಮೆಲ್ಲಗೆ!"

ಕಿವೇಲು ಅಜ್ಜ ಕಣ್ಣು ಮುಚ್ಚಿಕೊಂಡ. ಎರಡು ಬೆರಳು ಬಿಟ್ಟ. ಚಕ್ರ ಅಲುಗಿತು, ನಿಂತಿತು.

"ಇನ್ನೂ!"

ಮೂರು ಬೆರಳು. ಚಕ್ರ ತಿರುಗಿತು. ಬಲ್ಬಿನಲ್ಲಿ ಏನೂ ಇಲ್ಲ.

"ಇನ್ನೂ ಸ್ವಲ್ಪ!"

ನಾಲ್ಕನೆಯ ಬೆರಳನ್ನು ಅವನು ಪೂರ್ತಿ ಬಿಡಲಿಲ್ಲ. ದಿಂಡಿನ ಅಂಚನ್ನು ಹೆಬ್ಬೆರಳಲ್ಲಿ ಅದುಮಿ, ನೀರಿನ ಸದ್ದಿಗೆ ಕಿವಿಯಿಟ್ಟು, ಕೂದಲೆಳೆ ಕೂದಲೆಳೆಯಾಗಿ ಜಾರಿಸಿದ. ಚಕ್ರದ ಸದ್ದು ಬೀಸುವ ಕಲ್ಲಿನ ಹಾಗೆ ಒಂದೇ ಲಯಕ್ಕೆ ಬಂತು. ಬಲ್ಬಿನೊಳಗೆ ಕೆಂಪು ಎಳೆ, ಆಮೇಲೆ ಹಳದಿ, ಆಮೇಲೆ ತುಪ್ಪದ ದೀಪದಂಥ ಬೆಳಕು. ಅದು ಹಾಗೇ ಉಳಿಯಿತು. ಹಗಲಲ್ಲಿ ಕಾಣುತ್ತದೋ ಇಲ್ಲವೋ ಎಂದು ಐಕಾಯೆಲಿ ಅಂಗೈ ಮರೆ ಮಾಡಿದಳು. ಒಬ್ಬೊಬ್ಬರಾಗಿ ಬಂದು ಅವಳ ಕೈಯೊಳಗೆ ಇಣುಕಿದರು, ಗೂಡಿನಲ್ಲಿ ಹಕ್ಕಿಮರಿ ನೋಡುವ ಹಾಗೆ.

"ಸಾಕು ಅಜ್ಜಾ! ಹಂಗೇ ಹಿಡ್ಕೋ!"

ಕನ್ನಡಕದ ಅಧಿಕಾರಿ ಪೆನ್ನು ತೆಗೆದರು. ತಂತಿ ಎಷ್ಟು ಸುತ್ತು? "ನಾನೂರ ಅರವತ್ತು. ನಡುವೆ ಒಂದ್ಸಲ ಅಮ್ಮ ಕರೆದಾಗ ತಪ್ಪಿರಬಹುದು." ಆಯಸ್ಕಾಂತ ಎಲ್ಲಿಂದ? ಎಲ್ಲಿ ಸುತ್ತಬೇಕು, ಯಾಕೆ ಸುತ್ತಬೇಕು? ಹುಡುಗಿ ಒಂದೊಂದಕ್ಕೂ ಪಟಪಟ ಉತ್ತರ ಕೊಟ್ಟಳು.

"ಚಕ್ರದ ವೇಗ ಹಿಡಿತದಲ್ಲಿಡೋ ಭಾಗ ಯಾವುದಮ್ಮ? ಇಲ್ಲಿ ಕಾಣ್ತಾ ಇಲ್ಲ."

ಐಕಾಯೆಲಿ ಮೇಲೆ ಕಟ್ಟೆಯ ಕಡೆ ಬೆರಳು ತೋರಿಸಿದಳು. "ಅಲ್ಲಿದೆ ಮೇಡಂ. ನಮ್ಮಜ್ಜ."

ನೆರೆದವರೆಲ್ಲ ಬಿದ್ದು ಬಿದ್ದು ನಕ್ಕರು. ಅಧಿಕಾರಿ ನಗದೆ ಹಾಳೆಯ ಮೇಲೆ ಬರೆದುಕೊಂಡರು. ಲುಹೆಂದೆ ಮೇಷ್ಟ್ರು ಹೆಗಲ ಮೇಲಿಂದ ಬಗ್ಗಿ ನೋಡಿ ಆಮೇಲೆ ನಮಗೆ ಹೇಳಿದರು: ವೇಗ ನಿಯಂತ್ರಣ, ಬಾಳೆದಿಂಡು ಮತ್ತು ಅಜ್ಜ.

ಅವರು ಇನ್ನೂ ಬರೆಯುತ್ತಿದ್ದರು. ಐಕಾಯೆಲಿ ಇನ್ನೂ ವಿವರಿಸುತ್ತಿದ್ದಳು. ಕೋಲಿನ ನೆರಳು ಎರಡನೆಯ ಗೆರೆ ಮುಟ್ಟಿತು. ಹಾಗೆಂದು ಕುಂದಾ ಕೂಗಿದಳು, ಮಕ್ಕಳು ಕೂಗಿಬಿಡುವುದೇ ಹಾಗೆ. ಬೆಳಕು ಮೆಲ್ಲಗೆ ಕೆಂಪಾಯಿತು, ಕಂದಿತು, ಹೋಯಿತು. ಚಕ್ರ ಎರಡು ಸುತ್ತು ಸುಮ್ಮನೆ ತಿರುಗಿ ನಿಂತಿತು.

"ಏನಾಯ್ತು? ಕೆಟ್ಟುಹೋಯ್ತಾ?" ದಪ್ಪನೆಯ ಅಧಿಕಾರಿಗೆ ಗಾಬರಿ.

"ಇಲ್ಲ ಸಾರ್," ಎಂದಳು ಐಕಾಯೆಲಿ. "ನಮ್ಮ ಗಂಟೆ ಮುಗೀತು. ನೀರು ಅವರದು."

ಮೇಲೆ ಕಟ್ಟೆಯ ಹತ್ತಿರ ಅಜ್ಜ ಕಾಲುವೆಯ ಬಾಯಿಗೆ ಹೆಂಟೆ ಹಾಕಿ, ನೀರನ್ನು ಕುಂದಾನವ್ವನ ರಾಗಿಗೆ ತಿರುಗಿಸುತ್ತಿದ್ದ. ಆರು ಬೆರಳು.

ದೀಪ ಹತ್ತಿತ್ತು, ಕೊಂಬು ಅಜ್ಜನದೇ ಆಯಿತು. ಅದನ್ನು ಬೇಲಿಯಿಂದ ಬಿಚ್ಚಿ ಅವನ ಕೈಗೆ ಕೊಟ್ಟವಳು ಕುಂದಾನವ್ವ. "ಹಿಡ್ಕೊಳ್ಳಿ ಯಜಮಾನ್ರೇ. ನನ್ನ ಬಲ್ಬು ವಾಪಸ್ ಕೊಡ್ಸಿ," ಎಂದಳು. ಮರ್ಯಾದೆ ಮತ್ತೆ ಬಂದಿತ್ತು.

ಮೋಶಿಗೆ ಐಕಾಯೆಲಿಯನ್ನು ಕರೆದರು. ಅಲ್ಲಿ ಕಾಲುವೆ ಎಲ್ಲಿಂದ ಬರಬೇಕು? ಲುಹೆಂದೆ ಮೇಷ್ಟ್ರು ಬಕೆಟ್ಟಿನಲ್ಲಿ ನೀರು ಸುರಿದು ಸುರಿದು ಪ್ಯಾಂಟು ಒದ್ದೆ ಮಾಡಿಕೊಂಡರಂತೆ. ಮೂರನೇ ಬಹುಮಾನ ಬಂತು, ಒಂದು ಜಾಮಿಟ್ರಿ ಪೆಟ್ಟಿಗೆ. ಮೊದಲನೆಯದಕ್ಕಾಗಿ ಅವಳು ಇನ್ನೊಂದು ಚಕ್ರ ಮಾಡತೊಡಗಿದಳು. ಈ ಸಲ ಅಳತೆ ಎಷ್ಟಿರಬೇಕೆಂದು ಮೊದಲೇ ಅಜ್ಜನನ್ನು ಕೇಳಿಕೊಂಡು.

ಆದರೆ ನಾನು ಹೇಳಬೇಕೆಂದಿರುವುದು ಆ ಗುರುವಾರದ ಮುಂದಿನ ಸೋಮವಾರದ ಮಾತು. ಸೋಮವಾರ ಅಜ್ಜನ ಸರದಿ. ನಾನು ಆ ದಾರಿಯಲ್ಲಿ ಹೋಗುತ್ತಿದ್ದಾಗ ನೋಡಿದರೆ ನೀರು ಅವನ ಬಾಳೆಗೆ ಹರಿಯುತ್ತಿಲ್ಲ, ಕುಂದಾನವ್ವನ ಹೊಲಕ್ಕೆ ಹರಿಯುತ್ತಿದೆ. ಅಜ್ಜ ಅವಳ ಬದುವಿನ ಮೇಲೆ ಕೂತಿದ್ದ. ಅವಳು ರಾಗಿ ಸಾಲಿನ ನಡುವೆ ನೀರಿನ ಮಡೆ ತಿರುಗಿಸುತ್ತಿದ್ದಳು.

"ಬೇಡ ಅಂದ್ರೂ ಕೇಳಲ್ಲ ಈ ಮುದುಕ," ಎಂದು ನನ್ನ ಹತ್ತಿರ ದೂರಿದಳು. "ಒಂದು ಗಂಟೆ ತಗೊಂಡ್ನಂತೆ, ಕಟ್ಟೆ ಬೇರೆ ಚೆಲ್ದನಂತೆ, ಅದಕ್ಕೆ ಎರಡು ಗಂಟೆ ಕೊಡ್ತಾನಂತೆ."

ಅಜ್ಜ ಕೇಳಿಸಿಕೊಳ್ಳದವನಂತೆ ಕೊಂಬನ್ನು ಪಂಚೆಯ ತುದಿಯಿಂದ ಒರೆಸುತ್ತಿದ್ದ. ಆಮೇಲೆ ಅದನ್ನು ಅವಳ ಕಡೆ ಚಾಚಿದ.

"ಏನಿದು?"

"ನನಗೆ ಎಪ್ಪತ್ತು ದಾಟ್ತು. ಉಸಿರು ಮೇಲಿನ ಮನೆ ತನಕ ಹೋಗ್ತಾ ಇಲ್ಲ. ಒಂದ್ಸಲ ಊದಿ ನೋಡು."

"ಹೆಂಗಸು ಊದೋದು ಉಂಟಾ ಅಂದ್ರಲ್ಲ?"

"ನೋಡು ಅಂದೆ. 'ತಗೋ' ಅನ್ಲಿಲ್ಲ."

ಕುಂದಾನವ್ವ ಗುದ್ದಲಿ ಇಟ್ಟು ಕೈ ಒರೆಸಿಕೊಂಡಳು. ಕೊಂಬನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕೆನ್ನೆ ಉಬ್ಬಿಸಿ ಊದಿದಳು. ಕರು ಬೆದರಿದಂಥ ಒಂದು ಸದ್ದು ಬಂತು, ಅಷ್ಟೇ. ಶಾಲೆಯ ಬೇಲಿಯ ಹತ್ತಿರ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಲಿನ ಮನೆಯ ಯಾರೋ ಗುದ್ದಲಿ ಹಿಡಿದೇ ಅಂಗಳಕ್ಕೆ ಬಂದು, ಇವತ್ತು ಯಾಕೆ ಕರೆದಿರಿ ಎಂದು ಕೂಗಿದರು.

"ಕೇಳಿಸ್ತು ನೋಡು," ಎಂದ ಅಜ್ಜ. "ತುಟಿ ಇನ್ನೂ ಬಿಗಿ ಹಿಡಿ. ಇನ್ನೊಂದ್ಸಲ."